ಹೊಲಕ್ಕೂ ಒಂದು ವಿಳಾಸ ಬೇಕು

ದವಾಖಾನೆಗೆ ಬಂದ ರೋಗಿಯನ್ನು ನಾವು ವೈದ್ಯರು ಮೊದಲು ಕೇಳುವುದು 'ಏನು ತೊಂದರೆ?' ಎಂದು. ಆಂಬುಲೆನ್ಸಿಗೆ ಫೋನ್ ಮಾಡಿದವರಿಗೆ ಆ ಕಡೆಯಿಂದ ಬರುವ ಮುಖ್ಯ ಪ್ರಶ್ನೆ 'ಎಲ್ಲಿದ್ದೀರಿ?' ಎಂಬುದು. ಮೊದಲನೆಯದಕ್ಕೆ ನಮ್ಮ ಜನ ಚೆನ್ನಾಗಿಯೇ ಉತ್ತರ ಹೇಳುತ್ತಾರೆ. ಎದೆ ಯಾವಾಗ ಹಿಡಿಯಿತು, ನೋವು ಯಾವ ತೋಳಿಗೆ ಇಳಿಯಿತು, ಬೆವರು ಬಂತೋ ಇಲ್ಲವೋ ಎಲ್ಲವನ್ನೂ ಬಿಡಿಸಿ ಹೇಳಬಲ್ಲರು. ಎರಡನೆಯ ಪ್ರಶ್ನೆಗೆ, ಅದೂ ಕುರುಗೋಡು, ಸಿರುಗುಪ್ಪ ಕಡೆಯ ಹೊಲಗಳಲ್ಲಿ ನಿಂತು ಹೇಳುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಇಲ್ಲೇ ಅದೀವ್ರಿ, ಹೊಲದಾಗ. ಕಾಲುವಿ ದಾಟಿ ಬಂದ್ರ ಬೇವಿನ ಗಿಡ ಐತಿ, ಅಲ್ಲಿಂದ ಎಡಕ್ಕ ಬರ್ರಿ." ಊರಿನವರಿಗೆ ಇಷ್ಟು ಸಾಕು. ದೂರದ ಕರೆ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕುಳಿತವರಿಗೆ ಇದರಿಂದ ಏನು ತಿಳಿದೀತು?

'ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಡಾಕ್ಟ್ರೇ, ಫೋನ್ ಹಚ್ಚಿದರೆ ನಾವೆಲ್ಲಿದ್ದೇವೆಂದು ಅವರಿಗೆ ತಾನಾಗಿ ಕಾಣುವುದಿಲ್ಲವೇ?' ಎಂದು ಕೇಳುವವರುಂಟು. ಸಿನಿಮಾದಲ್ಲಿ ಪೊಲೀಸರು ಕಳ್ಳನ ಫೋನಿನ ಜಾಡು ಹಿಡಿದು ನೇರವಾಗಿ ಅವನ ಮನೆ ಬಾಗಿಲಿಗೆ ಬಂದು ನಿಲ್ಲುವುದನ್ನು ನೋಡಿ ನೋಡಿ ಈ ನಂಬಿಕೆ ಬೆಳೆದಿದೆ. ಬಳ್ಳಾರಿಯಲ್ಲಿ ಊಟ ತಂದುಕೊಡುವ ಹುಡುಗ ಮನೆ ಹುಡುಕಿಕೊಂಡು ಬರುವುದನ್ನು ಕಂಡು ಅದು ಇನ್ನಷ್ಟು ಗಟ್ಟಿಯಾಗಿದೆ. ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದು ಎಷ್ಟು ನಿಜ ಎಂಬುದು ನೀವು ನಿಂತ ಜಾಗದ ಮೇಲೆ ಹೋಗುತ್ತದೆ. ಆರೋಗ್ಯದ ಅಂಕಣದಲ್ಲಿ ಮೊಬೈಲಿನ ವಿಚಾರ ಏಕೆಂದು ಕೇಳಬೇಡಿ. ಹಾವು ಕಚ್ಚಿದವರಿಗೆ, ಹೃದಯಾಘಾತವಾದವರಿಗೆ ಈ ವಿಚಾರ ಔಷಧಿಯಷ್ಟೇ ಮುಖ್ಯ.

ಮೊಬೈಲಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಗುವುದು ಮುಖ್ಯವಾಗಿ ಮೂರು ದಾರಿಗಳಿಂದ. ಒಂದು ಉಪಗ್ರಹ. ಜಿಪಿಎಸ್ ಎಂದು ನಾವೆಲ್ಲ ಕರೆಯುವ ವ್ಯವಸ್ಥೆಯ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅವುಗಳಿಗೆ ನೀವು ಎಲ್ಲಿದ್ದೀರೆಂಬುದು ಗೊತ್ತಿಲ್ಲ. ಆಕಾಶವಾಣಿಯಂತೆ ಅವು ಹೇಳುತ್ತ ಹೋಗುತ್ತವೆ, ರೇಡಿಯೋದಂತೆ ಫೋನ್ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ, ಯಾವುದು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕಿ ತನ್ನ ಜಾಗ ಕಂಡುಕೊಳ್ಳುತ್ತದೆ. ತೆರೆದ ಆಕಾಶದ ಕೆಳಗೆ ಸ್ಮಾರ್ಟ್‌ಫೋನಿನ ಲೆಕ್ಕ ಸುಮಾರು 5 ಮೀಟರಿನೊಳಗೆ ಸರಿಯಾಗಿರುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಬೇಕೆಂದೇ ನಾಗರಿಕರ ಬಳಕೆಯ ಸಂಕೇತವನ್ನು ಮಸುಕು ಮಾಡಿ ಬಿಡುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಇಷ್ಟು ನಿಖರತೆ ಸಾಮಾನ್ಯರಿಗೆ ಸಿಕ್ಕಿತು.

ಎರಡನೆಯದು ಮೊಬೈಲ್ ಟವರ್. ನಿಮ್ಮ ಫೋನ್ ಯಾವ ಟವರ್ ಹಿಡಿದಿದೆ ಎಂಬುದು ಕಂಪನಿಗೆ ಗೊತ್ತಿರುತ್ತದೆ. ಪೇಟೆಯಲ್ಲಿ ಟವರ್‌ಗಳು ಕೆಲವು ನೂರು ಮೀಟರಿಗೊಂದರಂತೆ ಇರುವುದರಿಂದ ಆ ಅಂದಾಜು ಹತ್ತಿರಕ್ಕೆ ಬರುತ್ತದೆ. ಹಳ್ಳಿಯ ಬಯಲಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ಸುತ್ತಳತೆಗೆ ದಿಕ್ಕು. ಮೂರನೆಯದು ಮನೆ ಅಂಗಡಿಗಳ ವೈಫೈ. ಯಾವ ವೈಫೈ ಪೆಟ್ಟಿಗೆ ಎಲ್ಲಿದೆ ಎಂಬ ದೊಡ್ಡ ಪಟ್ಟಿಯೊಂದನ್ನು ಫೋನ್ ತಯಾರಕರು ಇಟ್ಟುಕೊಂಡಿರುತ್ತಾರೆ. ಸುತ್ತಲಿನ ಪೆಟ್ಟಿಗೆಗಳನ್ನು ನೋಡಿ ಫೋನ್ ತನ್ನ ಜಾಗ ಊಹಿಸುತ್ತದೆ. ಛಾವಣಿಯ ಕೆಳಗೂ ಕೆಲಸ ಮಾಡುವುದು ಇದರ ಗುಣ. ಆದರೆ ಹೊಸಪೇಟೆಯಿಂದ ಕುರುಗೋಡಿಗೆ ಮನೆ ಬದಲಿಸಿದವರ ಪೆಟ್ಟಿಗೆ ಕೆಲವು ಕಾಲ ಅಕ್ಕಪಕ್ಕದ ಫೋನುಗಳಿಗೆ 'ನೀವು ಹೊಸಪೇಟೆಯಲ್ಲಿದ್ದೀರಿ' ಎಂದು ಹೇಳಿದರೆ ಆಶ್ಚರ್ಯಪಡಬೇಡಿ. ಹೊಲದಲ್ಲಂತೂ ವೈಫೈ ಎಲ್ಲಿಂದ ಬರಬೇಕು?

ಈ ಮೀಟರು, ಕಿಲೋಮೀಟರುಗಳನ್ನು ರೈತರ ಲೆಕ್ಕಕ್ಕೆ ತಂದು ನೋಡೋಣ. ಉಪಗ್ರಹದ ಲೆಕ್ಕದಲ್ಲಿ 5 ಮೀಟರ್ ತಪ್ಪಿದರೆ ಹುಡುಕಬೇಕಾದ ಜಾಗ ಒಂದು ಗುಂಟೆಗಿಂತ ಕಡಿಮೆ. ಆಂಬುಲೆನ್ಸಿನವರು ಇಳಿದು ಕೂಗಿದರೆ ಕೇಳಿಸುತ್ತದೆ. ಟವರಿನ ಲೆಕ್ಕದಲ್ಲಿ 3 ಕಿಲೋಮೀಟರ್ ಆಚೀಚೆ ಆದರೆ ಹುಡುಕಬೇಕಾದ ಜಾಗ ಸುಮಾರು 7,000 ಎಕರೆ. ರಾತ್ರಿ ಹೊತ್ತು, ಕಾಲುವೆ ಏರಿಯ ಕೆಸರಿನಲ್ಲಿ, 7,000 ಎಕರೆಯಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದು!

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬಯಲು ಹೊಲದಲ್ಲಿ ಉಪಗ್ರಹದ ದನಿ ಪೇಟೆಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ, ಏಕೆಂದರೆ ಅಡ್ಡ ಬರಲು ಕಟ್ಟಡಗಳಿಲ್ಲ. ಅಂದರೆ ಹೊಲದಲ್ಲಿ ನಿಂತ ಫೋನಿಗೆ ತನ್ನ ಜಾಗ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಕಂಪನಿಗೆ ಮತ್ತು ಕರೆ ಕೇಂದ್ರಕ್ಕೆ. ಸಾಮಾನ್ಯ ಕರೆಯ ಜೊತೆ ಫೋನಿಗೆ ತಿಳಿದ ಈ ಜಾಗ ತಾನಾಗಿ ಹೋಗುವುದಿಲ್ಲ. ಅದನ್ನು ಬೇರೆಯಾಗಿ ಕಳಿಸಬೇಕು, ಕಳಿಸಲು ಇಂಟರ್‌ನೆಟ್ ಬೇಕು, ಅದು ಹೊಲದಲ್ಲಿ ಒಂದು ಗೆರೆ ತೋರಿಸಿ ಮಾಯವಾಗುತ್ತದೆ. ಇನ್ನೊಂದು ತೊಡಕೂ ಇದೆ. ಉಪಗ್ರಹಗಳು ಎಲ್ಲೆಲ್ಲಿವೆ ಎಂಬ ಪಂಚಾಂಗವನ್ನು ಇಂಟರ್‌ನೆಟ್ ಇದ್ದರೆ ಫೋನ್ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಅದು ಸೆಕೆಂಡಿಗೆ 50 ಬಿಟ್‌ಗಳ ಬಸವನ ಹುಳುವಿನ ವೇಗದಲ್ಲಿ ಬರುತ್ತದೆ. ಬಹುಕಾಲ ಲೊಕೇಶನ್ ಬಂದ್ ಮಾಡಿಟ್ಟ ಫೋನ್ ಸಿಗ್ನಲ್ ಇಲ್ಲದ ಕಡೆ ತನ್ನ ಜಾಗ ಕಂಡುಕೊಳ್ಳಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳಬಹುದು. ಬ್ಯಾಟರಿ ಉಳಿಯಲೆಂದು ನಮ್ಮಲ್ಲಿ ಹೆಚ್ಚಿನವರು ಲೊಕೇಶನ್ ಬಂದ್ ಮಾಡಿಯೇ ಇಟ್ಟಿರುತ್ತಾರೆ.

ನಮ್ಮ ತಾಲ್ಲೂಕಿನ ಭೂಗೋಳ ಇದಕ್ಕೆ ಇನ್ನೊಂದು ಗಂಟು ಹಾಕಿದೆ. ತುಂಗಭದ್ರಾ ಅಣೆಕಟ್ಟಿನ ನೀರು ಬಂದ ಮೇಲೆ ಎಲ್‌ಎಲ್‌ಸಿ ಕಾಲುವೆಯ ಉದ್ದಕ್ಕೂ, ಉಪಕಾಲುವೆಗಳ ಮಗ್ಗುಲಲ್ಲಿ ಹೊಸ ವಸತಿಗಳು ಎದ್ದವು. ಆಂಧ್ರದ ಕಡೆಯಿಂದ ಬಂದು ಭೂಮಿ ಮಾಡಿದವರ ಈ ವಸತಿಗಳಿಗೆ ಜನ 'ಕ್ಯಾಂಪ್' ಎಂದರು. ದೇವರ ಹೆಸರು, ಮೊದಲು ಬಂದ ಯಜಮಾನರ ಹೆಸರು ಸೇರಿಸಿ ಕರೆದರು. ಕುರುಗೋಡು, ಕಂಪ್ಲಿ, ಸಿರುಗುಪ್ಪ, ಹೊಳೆಯಾಚೆ ಗಂಗಾವತಿ, ಕಾರಟಗಿ, ಸಿಂಧನೂರು ಎಲ್ಲೆಡೆಯೂ ಕ್ಯಾಂಪುಗಳೇ. ದೇವರು ಕೆಲವೇ, ಕ್ಯಾಂಪುಗಳು ಬಹಳ. ಒಂದೇ ಹೆಸರು ಎರಡು ಮೂರು ಕಡೆ ಸಿಗುವುದು ಸಹಜ.

ಕೆಲವು ವರ್ಷಗಳ ಹಿಂದಿನ ಒಂದು ಪ್ರಸಂಗ ಹೇಳುತ್ತೇನೆ. ಊರಿನ, ಮನುಷ್ಯರ ಹೆಸರು ಬೇಡ. ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಒಣಗಹಾಕಿದ ಕಾಲ. ರಾಶಿ ಕಾಯಲು ಮಲಗಿದ್ದ ಯುವಕನಿಗೆ ರಾತ್ರಿ ಎರಡರ ಸುಮಾರಿಗೆ ಎಚ್ಚರವಾಯಿತು. ಹೊಟ್ಟೆನೋವು, ವಾಂತಿ. ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಎತ್ತಲು ಬಾರದಾಯಿತು, ಮಾತು ತೊದಲಿತು. ಜೊತೆಗಿದ್ದ ಸೋದರಳಿಯ ಆಂಬುಲೆನ್ಸಿಗೆ ಫೋನ್ ಮಾಡಿ ಕ್ಯಾಂಪಿನ ಹೆಸರು ಹೇಳಿದ. ಗಾಡಿ ಬೇಗನೆ ಹೊರಟಿತು, ಬೇಗನೆ ತಲುಪಿತು, ಆದರೆ ತಲುಪಿದ್ದು ಅದೇ ಹೆಸರಿನ ಇನ್ನೊಂದು ಕ್ಯಾಂಪಿಗೆ. ಚಾಲಕ ಫೋನ್ ಮಾಡಿ 'ಎಲ್ಲಿದ್ದೀಯಪ್ಪ?' ಎನ್ನುವುದು, ಹುಡುಗ 'ಇಲ್ಲೇ ಅದೀನಣ್ಣ, ಬ್ಯಾಟ್ರಿ ಹಾಕ್ಲಿಕ್ಕತ್ತೀನಿ, ಕಾಣಸ್ತದಾ?' ಎನ್ನುವುದು, ಹೀಗೆ ಮುಕ್ಕಾಲು ಗಂಟೆ ಕಳೆಯಿತು. ಕೊನೆಗೆ ಮನೆಯವರು ಬೈಕಿನಲ್ಲಿ ಇಬ್ಬರ ನಡುವೆ ಅವನನ್ನು ಕೂರಿಸಿಕೊಂಡು ಬಂದರು. ಆಗ ಉಸಿರು ನಿಲ್ಲುವ ಹಂತದಲ್ಲಿತ್ತು. ದಾರಿಯುದ್ದಕ್ಕೂ ಕೈಯಿಂದ ಬಲೂನು ಒತ್ತಿ ಉಸಿರು ಕೊಡುತ್ತ ಬಳ್ಳಾರಿಗೆ ಒಯ್ಯಲಾಯಿತು. ಆರು ದಿನ ವೆಂಟಿಲೇಟರಿನಲ್ಲಿದ್ದು ಬದುಕಿ ಬಂದ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಬರುತ್ತಿರಲಿಲ್ಲ.

ಅವನಿಗೆ ಕಚ್ಚಿದ್ದು ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುವ ಹಾವು ಇದು. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಹೆಚ್ಚಾಗಿ ಕಾಣದು. ವಿಷ ನರಗಳನ್ನು ಹಿಡಿದು ಕೆಲವೇ ಗಂಟೆಗಳಲ್ಲಿ ಉಸಿರಾಟದ ಸ್ನಾಯುಗಳನ್ನು ಸ್ತಬ್ಧ ಮಾಡುತ್ತದೆ. ಉಸಿರು ಕೊಡುವವರ ಕೈಗೆ ಸಿಕ್ಕರೆ ಬದುಕುತ್ತಾರೆ, ಸಿಗದಿದ್ದರೆ ಇಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ವರದಿಯಾಗುವುದು ಆಸ್ಪತ್ರೆಗೆ ಬಂದವರದು. ಕಣದಿಂದ ಆಸ್ಪತ್ರೆಗೆ ಬರುವ ದಾರಿಯ ಬಗ್ಗೆ ಇನ್ನೂ ಹೆಚ್ಚು ಯೋಚನೆ ಆಗಬೇಕಾಗಿದೆ.

ಹಾವಿನದು ಒಂದು ಉದಾಹರಣೆ ಅಷ್ಟೇ. ಹತ್ತಿಗೆ, ಮೆಣಸಿನ ಗಿಡಕ್ಕೆ ಕೀಟನಾಶಕ ಹೊಡೆಯುವಾಗ ವಿಷ ಮೈಗೇರಿ ಬಾಯಲ್ಲಿ ನೊರೆ ಬಂದು ಬೀಳುವುದು ಹೊಲದಲ್ಲೇ. ಏಪ್ರಿಲ್ ಬಿಸಿಲಿಗೆ ಕುಸಿದು ಬೀಳುವುದು ಹೊಲದಲ್ಲೇ. ಹೃದಯಾಘಾತದಲ್ಲಿ ರಕ್ತ ಸಿಗದ ಹೃದಯದ ಸ್ನಾಯು ಹೊತ್ತು ಹೋದಂತೆ ಸಾಯುತ್ತ ಹೋಗುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಬಿದ್ದಷ್ಟೂ ಹೆಚ್ಚು ಸ್ನಾಯು ಉಳಿಯುತ್ತದೆ. ಆ ದುಬಾರಿ ಇಂಜೆಕ್ಷನನ್ನು ತಾಲ್ಲೂಕು ಮಟ್ಟದಲ್ಲಿ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಲಕ್ವ ಹೊಡೆದವರಿಗೆ ಇಂಥದೇ ಚಿಕಿತ್ಸೆಗೆ ನಾಲ್ಕೂವರೆ ಗಂಟೆಯ ಗಡುವು. ಮೆದುಳಿಗೆ ರಕ್ತ ನಿಂತರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಆಂಬುಲೆನ್ಸ್ ಇಪ್ಪತ್ತು ನಿಮಿಷ ದಾರಿ ತಪ್ಪಿದರೆ ಎಷ್ಟಾಯಿತು? ಹತ್ತಿರ ಹತ್ತಿರ ನಾಲ್ಕು ಕೋಟಿ. ಕುರುಗೋಡಿನಿಂದ ಬಳ್ಳಾರಿಗೆ ಸುಮಾರು 30 ಕಿಲೋಮೀಟರ್. ರಸ್ತೆಯ ಮೇಲಿನ ಈ ಹೊತ್ತನ್ನು ಯಾರೂ ಕಡಿಮೆ ಮಾಡಲಾರರು. ಹುಡುಕುವ ಹೊತ್ತನ್ನು ಕಡಿಮೆ ಮಾಡಬಹುದು. ನಾನು ಈ ಲೇಖನ ಬರೆಯುತ್ತಿರುವುದೂ ಅದಕ್ಕಾಗಿಯೇ.

ಹಾಗಾದರೆ ಪೇಟೆಯವರು, ಜನದಟ್ಟಣೆಯಲ್ಲಿರುವವರು ನಿಶ್ಚಿಂತರೇ? ಹಾಗೇನೂ ಇಲ್ಲ, ಅಲ್ಲಿನ ತೊಂದರೆ ಬೇರೆ ಬಗೆಯದು. ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್ ಬಜಾರಿನಂಥ ಒತ್ತೊತ್ತು ಕೇರಿಗಳಲ್ಲಿ ಉಪಗ್ರಹದ ದನಿ ಗೋಡೆಗೆ ಬಡಿದು ಹಿಂದಿರುಗಿ, ಬಾವಿಯಲ್ಲಿ ಕೂಗಿದಂತೆ ಎರಡೆರಡು ಸಲ ಕೇಳಿಸುತ್ತದೆ. ಫೋನ್ ಮೂವತ್ತು ಮೀಟರ್ ತಪ್ಪಿದರೂ ಗುರುತು ಬೀಳುವುದು ಹಿಂದಿನ ಗಲ್ಲಿಯಲ್ಲಿ. ಗಾಡಿ ಆ ಗಲ್ಲಿಗೆ ನುಗ್ಗಿದ ಮೇಲೆ ತಿರುಗಿಸಲು ಜಾಗವಿರುವುದಿಲ್ಲ. ನಕ್ಷೆಯಲ್ಲಿ ಮೂವತ್ತು ಮೀಟರ್, ಗಡಿಯಾರದಲ್ಲಿ ಹದಿನೈದು ನಿಮಿಷ. ಮಹಡಿ ಮನೆಗಳಲ್ಲಿ ಎಷ್ಟನೇ ಮಹಡಿ ಎಂಬುದನ್ನು ನಕ್ಷೆಯ ಚುಕ್ಕಿ ಹೇಳುವುದೇ ಇಲ್ಲ.

ಜಾತ್ರೆಯ ವಿಷಯ ಇನ್ನೂ ಸ್ವಾರಸ್ಯ. ನಮ್ಮ ದೊಡ್ಡಬಸವೇಶ್ವರನ ತೇರಿನ ದಿನವನ್ನೇ ತೆಗೆದುಕೊಳ್ಳಿ. ಫೋನ್ 20 ಮೀಟರ್ ನಿಖರತೆಯಿಂದ ಜಾಗ ತೋರಿಸಿತು ಎನ್ನೋಣ. ಆ ವೃತ್ತದ ಒಳಗಿನ ಜಾಗ ಹನ್ನೆರಡು ಗುಂಟೆಯಷ್ಟು. ಚದರ ಮೀಟರಿಗೆ ನಾಲ್ಕು ಜನ ನಿಂತರೆ ಅಲ್ಲಿ ಐದು ಸಾವಿರ ಜನ! ಬಿದ್ದವರು ಇವರಲ್ಲಿ ಯಾರು? ಹೊಲದಲ್ಲಿ ಇಪ್ಪತ್ತು ಮೀಟರ್ ಎಂದರೆ ಸಿಕ್ಕಂತೆ, ಜಾತ್ರೆಯಲ್ಲಿ ಇಪ್ಪತ್ತು ಮೀಟರ್ ಎಂದರೆ ಕಳೆದುಹೋದಂತೆ. ಅದರ ಮೇಲೆ ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತು ಬಿದ್ದು ಕರೆಯೇ ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಫೋನಿನ ನಕ್ಷೆಗಿಂತ ಧ್ವನಿವರ್ಧಕ ವಾಸಿ. ಜಾತ್ರೆ ಸಮಿತಿಯವರು ತೇರುಬೀದಿಯ ವಿದ್ಯುತ್ ಕಂಬಗಳಿಗೆ ದೊಡ್ಡದಾಗಿ ಒಂದು, ಎರಡು, ಮೂರು ಎಂದು ಸಂಖ್ಯೆ ಬರೆಸಿದರೆ, 'ಹನ್ನೊಂದನೇ ಕಂಬದ ಹತ್ತಿರ ಒಬ್ಬರು ಬಿದ್ದಿದ್ದಾರೆ' ಎಂಬ ಮಾತು ಯಾವ ಉಪಗ್ರಹಕ್ಕಿಂತಲೂ ನಿಖರ. ಇದಕ್ಕೆ ಖರ್ಚು ಒಂದು ಡಬ್ಬಿ ಬಣ್ಣ.

ಫೋನಿನ ನಕ್ಷೆಯಲ್ಲಿ ನಿಮ್ಮ ಚುಕ್ಕಿಯ ಸುತ್ತ ತಿಳಿನೀಲಿ ವೃತ್ತವೊಂದು ಕಾಣುತ್ತದೆ, ನೋಡಿದ್ದೀರಾ? ಹೆಚ್ಚಿನವರು ಅದನ್ನು ಅಲಂಕಾರವೆಂದು ತಿಳಿದಿದ್ದಾರೆ. 'ನಾನು ಈ ವೃತ್ತದೊಳಗೆ ಎಲ್ಲೋ ಇದ್ದೇನೆ' ಎಂದು ಫೋನ್ ಒಪ್ಪಿಕೊಳ್ಳುವ ರೀತಿ ಅದು. ಅದೂ ನೂರಕ್ಕೆ ನೂರು ಖಾತ್ರಿಯಲ್ಲ. ಆಂಡ್ರಾಯ್ಡ್ ಫೋನುಗಳ ಲೆಕ್ಕದಲ್ಲಿ ಆ ವೃತ್ತ ಶೇಕಡ 68ರಷ್ಟು ಭರವಸೆಯದು. ಅಂದರೆ ಹೆಚ್ಚುಕಡಿಮೆ ಮೂರು ಸಲಕ್ಕೆ ಒಂದು ಸಲ ನೀವು ನಿಜವಾಗಿ ಇರುವುದು ವೃತ್ತದ ಹೊರಗೆ. ರಕ್ತ ಪರೀಕ್ಷೆಯ ವರದಿಯನ್ನು ಕಣ್ಣುಮುಚ್ಚಿ ನಂಬಬೇಡಿ, ರೋಗಿಯನ್ನು ನೋಡಿ ಎಂದು ನಮಗೆ ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದರು. ಲೊಕೇಶನ್ ಕೂಡ ಅಂಥ ಒಂದು ವರದಿಯೇ.

ಗಡಿಯವರಿಗೆ ಒಂದು ಮಾತು. ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿ, ರಾರಾವಿ ಕಡೆ ಫೋನ್ ಒಮ್ಮೊಮ್ಮೆ ಆಂಧ್ರದ ಟವರ್ ಹಿಡಿಯುತ್ತದೆ. ಫೋನಿಗೆ ರಾಜ್ಯದ ಗಡಿ ಗೊತ್ತಿಲ್ಲ, ಸಿಗ್ನಲ್ ಗಟ್ಟಿ ಇದ್ದ ಕಡೆಗೆ ಹೋಗುತ್ತದೆ. ಅಲ್ಲಿಯೂ ಆಂಬುಲೆನ್ಸಿಗೆ 108, ಇಲ್ಲಿಯೂ 108. ಕರೆ ಆಂಧ್ರದ ಕೇಂದ್ರಕ್ಕೆ ಹೋಗಿ ತೆಲುಗಿನಲ್ಲಿ ಉತ್ತರ ಬಂದರೆ ಗಾಬರಿಯಾಗಿ ಇಟ್ಟುಬಿಡಬೇಡಿ. ಮೊದಲ ಮಾತಿಗೇ 'ಕರ್ನಾಟಕ, ಬಳ್ಳಾರಿ ಜಿಲ್ಲೆ, ಸಿರುಗುಪ್ಪ ತಾಲ್ಲೂಕು' ಎಂದು ಹೇಳಿ. ಆ ಭಾಗದ ನಮ್ಮ ಜನಕ್ಕೆ ಎರಡೂ ಭಾಷೆ ಬರುತ್ತದೆ, ಆ ಅನುಕೂಲ ಬೇರೆ ಯಾರಿಗಿದೆ?

ಇನ್ನು ಸರ್ಕಾರದ ಪಾತ್ರ. 108 ಸೇವೆ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಅದರಿಂದ ಉಳಿದ ಜೀವಗಳನ್ನು ವೈದ್ಯನಾಗಿ ನಾನು ಕಣ್ಣಾರೆ ಕಂಡಿದ್ದೇನೆ, ಅದರ ಸಿಬ್ಬಂದಿಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಬೇರೆ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಕಾಲದಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದು ಸರ್ಕಾರ ಆಜ್ಞೆ ಮಾಡಿತು. 'ಕ್ವಾರಂಟೈನ್ ವಾಚ್' ಎಂಬ ಆ್ಯಪ್ ಮೂಲಕ ಫೋಟೋದ ಜೊತೆಗೆ ಅವರಿರುವ ಜಾಗದ ಅಕ್ಷಾಂಶ ರೇಖಾಂಶವೂ ತಾನಾಗಿ ಬರುತ್ತಿತ್ತು. ರೋಗಿ ಮನೆಬಿಟ್ಟು ಹೋದನೇ ಎಂದು ಕಾಯಲು ಅಷ್ಟು ಬೇಗ, ಅಷ್ಟು ನಿಖರವಾಗಿ ಜಾಗ ತಿಳಿಯುವ ಏರ್ಪಾಡಾಯಿತು. ರೋಗಿಯೇ 'ನಾನು ಇಲ್ಲಿ ಬಿದ್ದಿದ್ದೇನೆ, ಬನ್ನಿ' ಎಂದು ಕೂಗುವಾಗಲೂ ಅಷ್ಟೇ ಆಸಕ್ತಿ ಇರಬೇಡವೇ?

ಇದೇನೂ ಆಗದ ಕೆಲಸವಲ್ಲ. ತುರ್ತು ಸಂಖ್ಯೆ ಒತ್ತಿದ ಕೂಡಲೇ ಫೋನ್ ತಾನಾಗಿ ಲೊಕೇಶನ್ ಚಾಲೂ ಮಾಡಿ, ಸಿಕ್ಕ ಜಾಗವನ್ನು ಒಂದು ಸಣ್ಣ ಸಂದೇಶವಾಗಿ ಕರೆ ಕೇಂದ್ರಕ್ಕೆ ಕಳಿಸುವ ಪದ್ಧತಿ ಬ್ರಿಟನ್ನಿನಲ್ಲಿ 2014ರಲ್ಲೇ ಶುರುವಾಯಿತು. ಯುರೋಪಿನಲ್ಲಿ 2022ರ ಮಾರ್ಚಿನಿಂದ ಮಾರುವ ಎಲ್ಲ ಹೊಸ ಸ್ಮಾರ್ಟ್‌ಫೋನುಗಳಲ್ಲೂ ತುರ್ತು ಕರೆಗೆ ಉಪಗ್ರಹದ ಜಾಗ ಕಳಿಸುವ ಸೌಲಭ್ಯ ಕಡ್ಡಾಯ. ನಮ್ಮ ದೇಶದಲ್ಲಿ 2025ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ 112 ಸೇವೆಗೆ ಆಂಡ್ರಾಯ್ಡ್ ಫೋನುಗಳಿಂದ ಈ ಅನುಕೂಲ ಮೊದಲಾಯಿತು. ತುರ್ತು ಕರೆಗೆ ಮಾತ್ರ ಜಾಗ ತಿಳಿಸುವ ವ್ಯವಸ್ಥೆಯಾದ್ದರಿಂದ ಖಾಸಗಿತನದ ಅಂಜಿಕೆಯೂ ಕಡಿಮೆ. ಇದು ಕರ್ನಾಟಕದ ಹಳ್ಳಿಗಳಿಗೂ ಬೇಕು, ಮುಖ್ಯವಾಗಿ ನಮ್ಮ ಜನ ನೆನಪಿಟ್ಟುಕೊಂಡು ಒತ್ತುವ 108ಕ್ಕೆ ಬೇಕು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ಪಥದರ್ಶಕ ಉಪಗ್ರಹಗಳ ಕೇಂದ್ರವೇ 2013ರಿಂದ ಇದೆ. ಅದೇ ರಾಜ್ಯದ ಮೆಣಸಿನ ಹೊಲಕ್ಕೆ ವಿಳಾಸವಿಲ್ಲವೆಂದರೆ ಹೇಗೆ?

ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ನಮ್ಮ ರೈತನಿಗೆ ತನ್ನ ಮೊಬೈಲ್ ನಂಬರ್ ಮರೆತರೂ ಸರ್ವೆ ನಂಬರ್ ಮರೆಯುವುದಿಲ್ಲ. ಸರ್ಕಾರದ್ದೇ ಆದ 'ದಿಶಾಂಕ್' ಆ್ಯಪಿನಲ್ಲಿ ಗ್ರಾಮ ಮತ್ತು ಸರ್ವೆ ನಂಬರ್ ಕೊಟ್ಟರೆ ಆ ಹೊಲ ನಕ್ಷೆಯ ಮೇಲೆ ಕಾಣುತ್ತದೆ. ಹೊಲದಲ್ಲಿ ನಿಂತು ನೋಡಿದರೆ ಅದರ ಸರ್ವೆ ನಂಬರ್ ತೋರಿಸುತ್ತದೆ. ಆಂಬುಲೆನ್ಸ್ ಕರೆ ಕೇಂದ್ರದವರು ಈ ನಕ್ಷೆಯನ್ನೇ ಮುಂದಿಟ್ಟುಕೊಂಡು 'ಯಾವ ಗ್ರಾಮ, ಯಾವ ಸರ್ವೆ ನಂಬರ್?' ಎಂದು ಕೇಳುವುದನ್ನು ರೂಢಿ ಮಾಡಿಕೊಂಡರೆ ಅರ್ಧ ಹುಡುಕಾಟ ತಪ್ಪೀತು. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ 'ಡಿಜಿಪಿನ್' ಎಂಬ ಹತ್ತು ಅಕ್ಷರ, ಅಂಕಿಗಳ ಸಂಕೇತ ತಂದಿದೆ. ದೇಶದ ಪ್ರತಿ ನಾಲ್ಕು ಮೀಟರ್ ಚೌಕಕ್ಕೂ ಒಂದೊಂದು. ಯೋಚನೆ ಒಳ್ಳೆಯದು. ಆದರೆ ಗಾಬರಿಯಲ್ಲಿರುವವರು ಹತ್ತು ಇಂಗ್ಲಿಷ್ ಅಕ್ಷರಗಳನ್ನು ತಪ್ಪಿಲ್ಲದೆ ಫೋನಿನಲ್ಲಿ ಹೇಳುತ್ತಾರೆಂದು ನನಗೆ ನಂಬಿಕೆಯಿಲ್ಲ. ನನ್ನ ಮತ ಸರ್ವೆ ನಂಬರಿಗೆ.

ಆದರೆ ಹೊಲದಲ್ಲಿ ಬೀಳುವವರು ಯಾವಾಗಲೂ ಹೊಲದ ಒಡೆಯರಲ್ಲ. ಬೇರೆ ಊರಿನಿಂದ ಟಂಟಂನಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಕೂಲಿ ಹೆಣ್ಣುಮಕ್ಕಳಿಗೆ ತಾವು ಯಾರ ಹೊಲದಲ್ಲಿದ್ದೇವೆಂಬುದೇ ತಿಳಿದಿರುವುದಿಲ್ಲ. ಅವರ ಕೈಯಲ್ಲಿ ಹೆಚ್ಚಾಗಿ ಇರುವುದು ಜಿಪಿಎಸ್ ಇಲ್ಲದ ಅಗ್ಗದ ಕೀಪ್ಯಾಡ್ ಫೋನ್. ಅತಿ ಮಸುಕಾದ ವಿಳಾಸ ಅವರದೇ. ನೀರಾವರಿ ಇಲಾಖೆಯವರು ಉಪಕಾಲುವೆಯ ಪ್ರತಿ ತೂಬಿನ ಮೇಲೆ, ವಿದ್ಯುತ್ ಇಲಾಖೆಯವರು ಪ್ರತಿ ಟ್ರಾನ್ಸ್‌ಫಾರ್ಮರಿನ ಮೇಲೆ ಗ್ರಾಮದ ಹೆಸರನ್ನೂ ಸಂಖ್ಯೆಯನ್ನೂ ದಾರಿಗೆ ಕಾಣುವಂತೆ ಬರೆಸಬೇಕು, ಆ ಪಟ್ಟಿಯನ್ನು ಅಕ್ಷಾಂಶ ರೇಖಾಂಶದೊಂದಿಗೆ ಆಂಬುಲೆನ್ಸಿನವರಿಗೆ ಕೊಡಬೇಕು. ಲೈನ್‌ಮನ್‌ಗೆ ಗೊತ್ತಿರುವ ವಿಳಾಸ ಆಂಬುಲೆನ್ಸ್ ಚಾಲಕನಿಗೂ ಗೊತ್ತಾಗಲಿ. ಒಂದೇ ಹೆಸರಿನ ಕ್ಯಾಂಪುಗಳಿಗೆ ಪಂಚಾಯಿತಿಯವರು ಹತ್ತಿರದ ಹಳೆಯ ಊರಿನ ಹೆಸರನ್ನು ಸೇರಿಸಿ ಬೋರ್ಡು ಹಾಕಿಸಲಿ.

ಈಗ ನೀವು ಮಾಡಬಹುದಾದದ್ದು. ಸ್ಮಾರ್ಟ್‌ಫೋನ್ ಇದ್ದರೆ ಹೊಲಕ್ಕೆ ಹೋಗುವಾಗ ಲೊಕೇಶನ್ ಚಾಲೂ ಇರಲಿ. ಆಪತ್ತಿನಲ್ಲಿ ಶೆಡ್ಡಿನಿಂದ, ಮರದ ಕೆಳಗಿನಿಂದ ಬಯಲಿಗೆ ಬಂದು ಫೋನ್ ಹಿಡಿದು ಅರ್ಧ ನಿಮಿಷ ನಿಲ್ಲಿ. ವಾಟ್ಸಾಪಿನಲ್ಲಿ ಜಾಗ ಕಳಿಸುವ ಮುನ್ನ 'ಇಷ್ಟು ಮೀಟರ್ ನಿಖರ' ಎಂದು ತೋರಿಸುವ ಅಂಕಿ ಇಳಿಯುವುದನ್ನು ನೋಡಿ ಕಳಿಸಿ. ಅದರ ಕೆಳಗೆ ಹತ್ತಿರದ ಗುಡಿ, ಅಂಗಡಿಗಳ ಪಟ್ಟಿ ಬರುತ್ತದೆ, ಅದನ್ನು ಒತ್ತಬೇಡಿ. ಒತ್ತಿದರೆ ಹೋಗುವುದು ಗುಡಿಯ ಜಾಗ, ನಿಮ್ಮದಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ದಿಕ್ಸೂಚಿಯಂಥ ಆ್ಯಪ್‌ಗಳು ಅಕ್ಷಾಂಶ ರೇಖಾಂಶ ತೋರಿಸುತ್ತವೆ. ನಮ್ಮ ಭಾಗದಲ್ಲಿ ಮೊದಲನೆಯದು 15ರಿಂದಲೂ ಎರಡನೆಯದು 76 ಅಥವಾ 77ರಿಂದಲೂ ಶುರುವಾಗುತ್ತದೆ. ಚುಕ್ಕಿಯ ನಂತರದ ನಾಲ್ಕು ಅಂಕಿ ಓದಿ ಹೇಳಿದರೆ ಹತ್ತು ಹನ್ನೊಂದು ಮೀಟರಿನಷ್ಟು ಹತ್ತಿರಕ್ಕೆ ಬಂದಂತೆ. ಕರೆ ಕಡಿಯುತ್ತಿದ್ದರೆ ಅದನ್ನೇ ಎಸ್‌ಎಂಎಸ್ ಮಾಡಿ ಊರಿನವರಿಗೆ ಕಳಿಸಿ, ಅವರು ಫೋನ್ ಮಾಡಲಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ 112 ಒತ್ತಿ ನೋಡಿ, ಸಿಕ್ಕ ಬೇರೆ ಟವರನ್ನು ಹಿಡಿಯಲು ಫೋನ್ ಯತ್ನಿಸುತ್ತದೆ.

ಇಷ್ಟೆಲ್ಲ ಆದರೂ ಒಬ್ಬರು ಡಾಂಬರು ರಸ್ತೆಗೆ ಬಂದು ನಿಲ್ಲಲೇಬೇಕು. ರಾತ್ರಿಯಾದರೆ ಬೈಕಿನ ದೀಪ ಹಚ್ಚಿಕೊಂಡು ನಿಲ್ಲಲಿ. ಒಳದಾರಿ ಕೆಟ್ಟಿದ್ದರೆ ಗಾಡಿ ಒಳಗೆ ಬರುವುದನ್ನು ಕಾಯದೆ, ಎಲ್ಲರಿಗೂ ಗೊತ್ತಿರುವ ಬಸ್ ನಿಲ್ದಾಣಕ್ಕೋ ಶಾಲೆಯ ಬಳಿಗೋ ರೋಗಿಯನ್ನು ತಂದು ಅಲ್ಲಿಗೇ ಆಂಬುಲೆನ್ಸ್ ಕರೆಸಿ. ಹಾವು ಕಚ್ಚಿದವರನ್ನು ನಡೆಸಬೇಡಿ, ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಂಡು, ಬೇರೆ ಗಾಡಿ ಇಲ್ಲದಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಕರೆತನ್ನಿ.

ಹೊಲದ ಒಡೆಯರು ಈ ವಾರವೇ ಒಂದು ಕೆಲಸ ಮಾಡಬಹುದು. ಪಂಪ್‌ಸೆಟ್ಟಿನ ಶೆಡ್ಡಿನ ಗೋಡೆಯ ಮೇಲೆ ಗ್ರಾಮ, ಸರ್ವೆ ನಂಬರ್, ಯಾವ ಉಪಕಾಲುವೆ, ಡಾಂಬರು ರಸ್ತೆಯಿಂದ ಎಷ್ಟು ದೂರ, ನಿಮ್ಮ ಫೋನ್ ನಂಬರ್ ಬರೆಸಿ. ಮೇಸ್ತ್ರಿಗೆ ಅದನ್ನು ತೋರಿಸಿಡಿ. ಕೂಲಿಗೆ ಬಂದವರು ದೂರದಿಂದ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ, ಕನ್ನಡದಲ್ಲಿ ಬರೆಸಿ, ಅದರ ಕೆಳಗೆ ತೆಲುಗಿನಲ್ಲೂ ಬರೆಸಿ.